ಸಂದರ್ಶನ ಬಯೋಡಾಟಾ ಆಗಬಾರದಂದ್ರ ಏನ್ ಮಾಡಬೇಕ್ರಿ?

ಪ್ರಶ್ನೆ: ಸರ್, ನಾ ಧಾರವಾಡದಾಗ ಜರ್ನಲಿಸಂ ಓದಾಕತ್ತೀನಿ, ಊರು ಹಾವೇರಿ ಕಡೆ. ಕಾಲೇಜ್ ಮ್ಯಾಗಜಿನ್‌ಗೆ ಅಂತ ಒಬ್ರು ಹಳೇ ದನದ ದಲಾಲರನ್ನ ಸಂದರ್ಶನ ಮಾಡೀನಿ. ಅಜ್ಜಾರು ಭಾಳ ಚೊಲೋ ಮಾತಾಡಿದ್ರು, ಆದ್ರ ಬರದ ಮ್ಯಾಲೆ ಓದಿದ್ರ ಸಪ್ಪಗೈತಿ, ನಮ್ಮ ಮೇಡಂ ಅಂತೂ "ಇದು ಬಯೋಡಾಟಾ ಆತಲ್ಲೋ" ಅಂದ್ರು. ಕಾಪಿ, ರೆಕಾರ್ಡಿಂಗ್ ಎರಡೂ ಕಳಿಸೀನಿ, ಎಲ್ಲಿ ತಪ್ಪೈತಿ ಹೇಳ್ರಿ.

ಉತ್ತರ: ತಮ್ಮಾ, ಎರಡೂ ನೋಡಿದೆ. ಮೇಡಂ ಹೇಳಿದ್ದು ಖರೇ ಐತಿ, ಆದ್ರ ಅದರಾಗ ಅಜ್ಜಾರದೇನೂ ತಪ್ಪಿಲ್ಲ. ನಿನ್ನ ಐದನೇ ಪ್ರಶ್ನೆ ತಗದು ನೋಡು. ಅವರು "ಮೊದ್ಲ ಟವಲ್ ಅಡಿ ಕೈ ಹಿಡದು ರೇಟ್ ಮಾಡತಿದ್ವಿ, ಈಗಿನ ಹುಡುಗ್ರಿಗೆ ಅದು ತಿಳಿಯಂಗಿಲ್ಲ" ಅಂದಾರ. ಅದಕ್ಕ ನೀ ಕೇಳಿದ ಮುಂದಿನ ಪ್ರಶ್ನೆ ಏನು? "ನಿಮ್ಮ ಯಶಸ್ಸಿನ ಗುಟ್ಟೇನು?" ಅವರು "ಎಲ್ಲಾ ದೇವರ ದಯಾ" ಅಂದ್ರು. ಮತ್ತೇನ್ ಅನ್ನಬೇಕ್ಹೇಳು?

ಟವಲ್ ಅಂದಾಗ ನೀ ಅಲ್ಲೇ ಕುಂತುಬಿಡಬೇಕಿತ್ತೋ. ಒಂದು ಬೆರಳು ಹಿಡದ್ರ ನೂರೋ ಸಾವಿರೋ ಅಂತ ಇಬ್ರಿಗೂ ಹೆಂಗ ತಿಳೀತಿತ್ತು, ಯಾರಿಂದ ಮುಚ್ಚಿಡತಿದ್ರಿ, ಪಕ್ಕದಾಗ ನಿಂತ ಇನ್ನೊಬ್ಬ ಗಿರಾಕಿಯಿಂದನೋ ಇಲ್ಲಾ ಎತ್ತಿನ ಮಾಲಕನಿಂದನೋ, ಒಳಗೊಂದು ಹೊರಗೊಂದು ಹೇಳಿ ಜಗಳ ಆದದ್ದೈತೇನು, ಆಗಿದ್ರ ಪಂಚಾಯ್ತಿ ಯಾರು ಮಾಡತಿದ್ರು. ಈ ಪ್ರಶ್ನಿ ಒಂದೂ ನಿನ್ನ ಲಿಸ್ಟಿನ್ಯಾಗ ಇರಾಕ ಸಾಧ್ಯ ಇಲ್ಲ, ಅವರ ಉತ್ತರದಿಂದನ ಹುಟ್ಟತಾವ. ಓದೋರು ಕಾಯೂದು ಇಂಥಾ ಎರಡನೇ ಪ್ರಶ್ನಿಗೆ. ಮೊದ್ಲನೇದು ಯಾರ ಬೇಕಾದ್ರೂ ಕೇಳತಾರ, ಹುಟ್ಟಿದ್ದೆಲ್ಲಿ, ಮಕ್ಕಳೆಷ್ಟು, ಹವ್ಯಾಸ ಏನು (ದನದ ಸಂತ್ಯಾಗ ಹವ್ಯಾಸ ಕೇಳಿದವ ನೀನ ಮೊದಲಿರಬೇಕು).

ಇನ್ನ ತಯಾರಿ. ತಯಾರಿ ಅಂದ್ರ ಪ್ರಶ್ನಿ ಬರಕೊಂಡು ಹೋಗೂದಲ್ಲ, ಅವರ ಕಸಬು ಸ್ವಲ್ಪರ ತಿಳಕೊಂಡು ಹೋಗೂದು. ಎತ್ತಿನ ವಯಸ್ಸು ಹಲ್ಲಿನ ಮ್ಯಾಲೆ ಹೇಳತಾರ, ಎರಡು ಎರಡೂವರಿ ವರ್ಷದ ಸುಮಾರು ಮುಂದಿನ ಹಾಲಹಲ್ಲು ಬಿದ್ದು ಎರಡು ಹಲ್ಲು ಬರತಾವ, ಆಮ್ಯಾಲೆ ನಾಕು, ಆರು, ಎಂಟಾದ್ರ ಬಾಯಿ ಕೂಡಿತು ಅಂತಾರ, ಅದೂ ಕೆಳಗಷ್ಟ, ಮ್ಯಾಲೆ ಮುಂದಿನ ಹಲ್ಲೇ ಇರಂಗಿಲ್ಲ. ಇಷ್ಟು ಗೊತ್ತಿದ್ದವಗ ಸಹಜ ಒಂದು ಡೌಟ್ ಬರತೈತಿ: ಬಾಯಿ ಕೂಡಿದ ಮ್ಯಾಲೆ ವಯಸ್ಸು ಹೆಂಗ ಹೇಳತೀರಿ? ಹಲ್ಲು ಸವದದ್ದು ನೋಡಿಯೋ, ಕೋಡಿನ ಮ್ಯಾಲೆ ಮೂಡೋ ಬಳಿಯಂಥಾ ಗೆರಿ ಎಣಿಸಿಯೋ? ಕೋಡು ಹೆರದು ಎಣ್ಣಿ ಹಚ್ಚಿ ತಂದ್ರ? ಅಲ್ಲಿಂದ ನೋಡು ದಲಾಲರ ಖರೇ ಆಟ ಶುರು ಆಗೂದು. ಎತ್ತಿನ ಮೈಮ್ಯಾಲಿನ ಕೂದಲ ಸುಳಿ ನೋಡೂದರದು ಬ್ಯಾರೇನ ಕಥಿ, ಅದನ್ನ ಕೇಳಾಕ ಕುಂತ್ರ ಒಂದು ಮಧ್ಯಾಹ್ನ ಸಾಲಂಗಿಲ್ಲ.

ಬರವಣಿಗಿ ಬಗ್ಗೆ ಒಂದು ಬೈಗಳ ತಗೋ. ರೆಕಾರ್ಡಿಂಗ್‌ನ್ಯಾಗ ಅಜ್ಜಾರು "ಬಾಯಿ ಕೂಡಿತಂದ್ರ ಮುಗೀತು ತಮ್ಮಾ, ಮುಂದ ಅದರ ವಯಸ್ಸು ಅದಕ್ಕ ಗೊತ್ತು" ಅಂತ ನಕ್ಕಾರ. ನೀ ಬರದದ್ದು, "ಪ್ರಾಯಕ್ಕೆ ಬಂದ ಎತ್ತುಗಳ ವಯಸ್ಸನ್ನು ನಿಖರವಾಗಿ ತಿಳಿಯಲಾಗದು ಎಂದು ಅವರು ಅಭಿಪ್ರಾಯಪಟ್ಟರು." ಅಭಿಪ್ರಾಯಪಟ್ಟರಂತ! ಹೇಳಿದ್ದ ಹೇಳಿದ್ದು, "ಅದೂ... ಏನಂತಾರ" ಅಂತ ತಡವರಿಸಿದ್ದು ಕತ್ತರಿಸು, ಹಿಂದಮುಂದಾಗಿದ್ರ ಜೋಡಿಸು, ಆದ್ರ ಅವರ ಬಾಯಾಗಿನ ಮಾತು ಬದಲ್ ಮಾಡಬ್ಯಾಡ. ಮತ್ತ ಹೋಗು, ಟವಲ್ ವಿಷಯ ಒಂದ ಕೇಳ್ಕೊಂಡು ಬಾ. ಸಂತಿ ದಿನ ಬ್ಯಾಡ.

ಪ್ರಶ್ನೆ: ಬರದ ಮ್ಯಾಲೆ ಪ್ರಿಂಟಿಗೆ ಹೋಗೋಕಿಂತ ಮೊದ್ಲ ಅವರಿಗೆ ತೋರಸಬೇಕೇನ್ರಿ? (ಹುಬ್ಬಳ್ಳಿಯಿಂದ)

ಉತ್ತರ: ಎರಡೂ ಪದ್ಧತಿ ಅದಾವ್ರೀ. 1953ರಾಗ ಶುರುವಾದ ಪ್ಯಾರಿಸ್ ರಿವ್ಯೂ ಅನ್ನೋ ಇಂಗ್ಲಿಷ್ ಪತ್ರಿಕೆ ಸಾಹಿತಿಗಳ ಸಂದರ್ಶನಕ್ಕ ಜಗತ್ತಿಗೇ ಹೆಸರುವಾಸಿ, ಅಲ್ಲಿ ಮಾತಾಡಿದೋರಿಗೇ ಕಾಪಿ ಕೊಟ್ಟು ತಿದ್ದಿಸ್ತಾರ, ಅದಕ್ಕ ಅವು ಅಷ್ಟು ಗಟ್ಟಿ ಇರತಾವ. ರಾಜಕಾರಣಿಗಳಿಗೆ ಮಾತ್ರ ಆ ಸವಲತ್ತು ಕೊಡಬ್ಯಾಡ್ರಿ, ಚೊಲೋ ಸಾಲು ಎಲ್ಲಾ ಹಾರಿಸಿ ಭಾಷಣ ತುಂಬಿ ಕಳಿಸ್ತಾರ. ಉಳಿದೋರಿಗೆ ಹೆಸರು, ಇಸವಿ, ರೊಕ್ಕದ ಲೆಕ್ಕ ಓದಿ ಹೇಳ್ರಿ, ಸಾಕು.

ಪ್ರಶ್ನೆ: ಗದಗ ವೀರೇಶ್ವರ ಪುಣ್ಯಾಶ್ರಮದಾಗ ಕಲತ ಒಬ್ರು ಗಾಯಕರಿಗೆ ವಾಟ್ಸಾಪಿನ್ಯಾಗ ಪ್ರಶ್ನಿ ಕಳಿಸಿದ್ರ ನಡೀತೈತೇನ್ರಿ? ಅವರು ಊರೂರು ತಿರಗತಾರ, ಸಿಗಂಗಿಲ್ಲ.

ಉತ್ತರ: ಟೈಪ್ ಮಾಡಿ ಕಳಿಸ್ರಿ ಅನಬ್ಯಾಡ್ರಿ, ವಾಯ್ಸ್ ಮೆಸೇಜ್ ಕಳಿಸ್ರಿ ಅನ್ರಿ. ಪಂಚಾಕ್ಷರಿ ಗವಾಯಿಗಳು 1944ರಾಗ ಹೋದ ಮ್ಯಾಲೆ ಪುಟ್ಟರಾಜ ಗವಾಯಿಗಳು ಆಶ್ರಮ ನಡಸಿದ್ರು ಅನ್ನೂದು ಎಲ್ಲಾರಿಗೂ ಗೊತ್ತಿದ್ದದ್ದ, ಅದನ್ನ ಅವರ ಕಡೆ ಹೇಳಿಸಿ ಏನ್ ಮಾಡತೀರಿ? ಒಂದ ಪ್ರಶ್ನಿ ಕಳಿಸ್ರಿ: ಹಾರ್ಮೋನಿಯಂ ಮ್ಯಾಲೆ ನಿಮ್ಮ ಬೆರಳು ತಪ್ಪಿದ್ರ ಕಣ್ಣು ಕಾಣದ ಗುರುಗಳು ಹೆಂಗ ಹಿಡೀತಿದ್ರು, ಹಿಡದು ಏನ್ ಮಾಡತಿದ್ರು? ಉತ್ತರ ಬಂದ ಮ್ಯಾಲೆ ಅದನ್ನ ಎರಡ ಸಲ ಕೇಳಿ, ಫೋನ್ ಹಚ್ಚರಿ.