ಕೊಲೆಸ್ಟ್ರಾಲ್ ಮಾತ್ರೆ ಲಿವರ್ ಸುಡುತ್ತದೆಯೇ?

ಪ್ರಶ್ನೆ: ನನಗೆ 56 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದಂದಿನಿಂದ ಅಟೊರ್ವಾಸ್ಟಾಟಿನ್ 40 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಈಚೆಗೆ ರಕ್ತ ಪರೀಕ್ಷೆಯಲ್ಲಿ ಲಿವರ್ ಕಿಣ್ವ ಎಸ್‌ಜಿಪಿಟಿ 68 ಬಂದಿದೆ, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದಿದೆ. ಆ ಮಾತ್ರೆ ಲಿವರ್ ಸುಡುತ್ತದೆ ಎಂದು ಗೆಳೆಯರು ಹೇಳಿದ್ದರಿಂದ ಮೂರು ವಾರದಿಂದ ಬಿಟ್ಟು, ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದೇನೆ. ಇದು ಸರಿಯೇ?
– ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಸರಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಗಳನ್ನೂ ಇದರೊಂದಿಗೆ ಬಿಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಬಿಟ್ಟಿದ್ದರೆ ಈ ಪುಟವನ್ನು ಅರ್ಧಕ್ಕೇ ಮಡಚಿಟ್ಟು ಇಂದೇ ನಿಮ್ಮ ಹೃದಯ ವೈದ್ಯರ ಬಳಿಗೆ ಹೋಗಿ.

ಕೊಲೆಸ್ಟ್ರಾಲ್ ಮುಖ್ಯವಾಗಿ ತಯಾರಾಗುವುದು ಯಕೃತ್ತಿನಲ್ಲಿ, ಅದನ್ನು ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆಗಳು (ನಿಮ್ಮ ಅಟೊರ್ವಾಸ್ಟಾಟಿನ್ ಇದೇ ಗುಂಪಿನದು) ಕೆಲಸ ಮಾಡುವುದೂ ಅಲ್ಲಿಯೇ. ಹಾಗಾಗಿ ಕೆಲವರಲ್ಲಿ, ಅದರಲ್ಲೂ ಡೋಸ್ ಹೆಚ್ಚಿದ್ದಾಗ, ಎಸ್‌ಜಿಪಿಟಿ, ಎಸ್‌ಜಿಒಟಿ ಕಿಣ್ವಗಳು ತುಸು ಏರುವುದುಂಟು. ಬಹಳಷ್ಟು ಸಲ ಮಾತ್ರೆ ಮುಂದುವರಿಸಿದರೂ ತಾವಾಗಿಯೇ ಇಳಿಯುತ್ತವೆ. ಸಾಮಾನ್ಯ ಮಿತಿಯನ್ನು 40 ಎಂದಿಟ್ಟುಕೊಂಡರೆ, ಅದರ ಮೂರು ಪಟ್ಟು, ಅಂದರೆ 120 ದಾಟಿ, ಮರುಪರೀಕ್ಷೆಯಲ್ಲೂ ಹಾಗೆಯೇ ಉಳಿದಾಗ ವೈದ್ಯರು ಡೋಸ್ ಇಳಿಸುವ ಅಥವಾ ಔಷಧಿ ಬದಲಿಸುವ ಯೋಚನೆ ಮಾಡುತ್ತಾರೆ. ನಿಮ್ಮದು ಎರಡು ಪಟ್ಟೂ ಆಗಿಲ್ಲ. ಲ್ಯಾಬಿನ ಯಂತ್ರಕ್ಕೆ 42 ಆದರೂ ಒಂದೇ, 420 ಆದರೂ ಒಂದೇ. ಮಿತಿ ದಾಟಿದ್ದನ್ನೆಲ್ಲ ದಪ್ಪಕ್ಷರದಲ್ಲಿ ಮುದ್ರಿಸಿ ಕೊಡುತ್ತದೆ, ನಿದ್ದೆಗೆಡುವವರು ನಾವು.

ಸ್ಟಾಟಿನ್‌ನಿಂದ ಯಕೃತ್ತಿಗೆ ಗಂಭೀರ ಹಾನಿಯಾಗುವುದು ಬಹಳ ಅಪರೂಪ. ಪದೇ ಪದೇ ರಕ್ತ ಪರೀಕ್ಷೆ ಮಾಡಿಸಿದರೂ ಅದನ್ನು ಮೊದಲೇ ಹಿಡಿಯಲಾಗದೆಂದು ಕಂಡ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮಾತ್ರೆ ಆರಂಭಿಸುವ ಮುನ್ನ ಒಮ್ಮೆ, ಆಮೇಲೆ ಲಕ್ಷಣ ಕಂಡಾಗ ಪರೀಕ್ಷಿಸಿದರೆ ಸಾಕೆಂದು 2012ರಲ್ಲಿ ತನ್ನ ಸೂಚನೆಯನ್ನೇ ಬದಲಿಸಿತು. ಲಕ್ಷಣಗಳೆಂದರೆ ಕಣ್ಣು ಹಳದಿಯಾಗುವುದು (ನಮ್ಮ ಕಡೆ ಕಾಮಣಿ ಎನ್ನುತ್ತೇವಲ್ಲ, ಅದು), ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು, ಊಟ ಸೇರದಿರುವುದು, ವಿಪರೀತ ಸುಸ್ತು. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತೋರಿಸಿಕೊಳ್ಳಿ.

ಕೊಬ್ಬು ತುಂಬಿದ ಯಕೃತ್ತೇ ಎಸ್‌ಜಿಪಿಟಿಯನ್ನು ಏರಿಸಬಲ್ಲದು. ಅದಿದ್ದವರಿಗೂ ಸ್ಟಾಟಿನ್ ಕೊಡುತ್ತಾರೆ; ಯಕೃತ್ತು ತೀರಾ ಸೋತವರಿಗೆ, ತೀವ್ರ ಹೆಪಟೈಟಿಸ್ ಇದ್ದವರಿಗೆ ಕೊಡುವುದಿಲ್ಲ. ಗಿರಣಿಯಲ್ಲಿ ದಿನವಿಡೀ ಕುಳಿತು ಕೆಲಸ, ಮೂರು ಹೊತ್ತೂ ಸೋನಾ ಮಸೂರಿ ಅನ್ನ ಎಂದಾದರೆ ನಿಮ್ಮ ಫ್ಯಾಟಿ ಲಿವರ್‌ಗೆ ಮಾತ್ರೆಯನ್ನು ದೂರುವಂತಿಲ್ಲ. ತೂಕ ಇಳಿಸಿ, ಮದ್ಯದ ಅಭ್ಯಾಸವಿದ್ದರೆ ಬಿಡಿ.

ಕಷಾಯವನ್ನೂ ನಿಲ್ಲಿಸಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು ವರದಿ ಮಾಡಿದ್ದಾರೆ. ಸುಡುವ ಮಾತ್ರೆ ಬಿಟ್ಟು ತಂಪಿನ ಬಳ್ಳಿ ಹಿಡಿದೆನೆಂದು ನೀವು ತಿಳಿದಿದ್ದರೆ, ಲೆಕ್ಕ ತಲೆಕೆಳಗಾಗಿದೆ.

ವೈದ್ಯರ ಬಳಿ ಹೋಗುವಾಗ ಸ್ಟೆಂಟ್ ಹಾಕುವ ಮುಂಚಿನ ಫೈಲನ್ನೂ ಹುಡುಕಿ ಒಯ್ಯಿರಿ. ಆಗಲೇ ಎಸ್‌ಜಿಪಿಟಿ 60ರ ಆಸುಪಾಸಿನಲ್ಲಿದ್ದರೆ ಮಾತ್ರೆಯ ಮೇಲಿನ ದೂರು ಅಲ್ಲಿಗೇ ಬಿದ್ದುಹೋಗುತ್ತದೆ.