ಇಳಿಯದ ಡಿಕಾಕ್ಷನ್, ಮೆತ್ತಗಾಗುವ ಅವರೆ, ಬೆವರುವ ಬೆಲ್ಲ

ಸಂಕ್ರಾಂತಿಗೆ ಇನ್ನು ಕೆಲವೇ ದಿನ. ಮಾರುಕಟ್ಟೆಗೆ ಸೊಗಡವರೆ ಬಂದಿದೆ, ಮಂಜು ಬೀಳುವ ಬೆಳಗಿಗೆ ಎರಡನೇ ಲೋಟ ಕಾಫಿ ಬೇಕೆನಿಸುತ್ತದೆ. ಈ ಸಲದ ಪತ್ರಗಳೂ ಅಡುಗೆಮನೆ ಮತ್ತು ಜಗಲಿಯ ಸುತ್ತಲೇ ಇವೆ.

ಪ್ರಶ್ನೆ: ಬಾಡಿಗೆ ಮನೆ ಬದಲಾಯಿಸಿದ ಮೇಲೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದೇ ಇಲ್ಲ. ರಾತ್ರಿ ಹಾಕಿಟ್ಟರೂ ಬೆಳಿಗ್ಗೆ ಅರ್ಧ ನೀರು ಮೇಲೆಯೇ ನಿಂತಿರುತ್ತದೆ. ಇಳಿದಿದ್ದೂ ಸಪ್ಪೆ. ಪುಡಿ ಅದೇ, ಫಿಲ್ಟರೂ ಅದೇ. ನೀರು ಮಾತ್ರ ಈಗ ಬೋರ್‌ವೆಲ್‌ನದು. (ಕೋಲಾರ)

ಉತ್ತರ: ನಿಮ್ಮ ಕೊನೆಯ ಮಾತಿನಲ್ಲೇ ಉತ್ತರ ಇದೆ. ನಮ್ಮ ಕಡೆಯ ಆಳದ ಬೋರ್‌ವೆಲ್ ನೀರು ಗಡಸು. ಕಾಯಿಸಿದಾಗ ಅದರಲ್ಲಿರುವ ಸುಣ್ಣದಂಶ ಬಿಳಿ ಪೊರೆಯಾಗಿ ಕೂರುತ್ತದೆ. ಪಾತ್ರೆಯ ತಳದಲ್ಲಿ ಕಾಣುವ ಆ ಪೊರೆಯೇ ಫಿಲ್ಟರಿನ ಸಣ್ಣ ತೂತುಗಳಲ್ಲೂ ಕಟ್ಟಿಕೊಳ್ಳುತ್ತದೆ. ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತಿನಿಂದಲೂ ಬೆಳಕು ಬಂದರೆ ಸರಿ. ಅರ್ಧದಷ್ಟು ಮುಚ್ಚಿದ್ದರೆ ಬಿಸಿನೀರಿಗೆ ನಿಂಬೆರಸ ಅಥವಾ ವಿನೆಗರ್ ಹಾಕಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಹಿಂಬದಿಯಿಂದ ಉಜ್ಜಿ. ಹಿತ್ತಾಳೆಯದಾದರೆ ಹುಣಸೆನೀರು ಸಾಕು. ಸೂಜಿ ಹಾಕಿ ಚುಚ್ಚಬೇಡಿ. ತೂತು ದೊಡ್ಡದಾದರೆ ಗಸಿ ಕೆಳಗೆ ಬರುತ್ತದೆ, ಅದನ್ನು ಮತ್ತೆ ಸರಿಮಾಡಲಾಗದು. ಪುಡಿಯ ಜಿಡ್ಡು ಕಟ್ಟಿಕೊಂಡಿದ್ದರೆ ಸ್ಟೀಲ್ ಫಿಲ್ಟರನ್ನು ಸಣ್ಣ ಉರಿಯ ಮೇಲೆ ಇಕ್ಕಳದಲ್ಲಿ ಅರ್ಧ ನಿಮಿಷ ಹಿಡಿದು, ಆರಿದ ಮೇಲೆ ತೊಳೆಯಿರಿ.

ಸಪ್ಪೆಯಾಗುವುದಕ್ಕೂ ನೀರೇ ಕಾರಣ. ಕಾಫಿಗೆ ಚುರುಕು ಕೊಡುವುದು ಅದರಲ್ಲಿರುವ ಸಣ್ಣ ಹುಳಿ. ಗಡಸುನೀರಿನ ಕ್ಷಾರ ಆ ಹುಳಿಯನ್ನು ಕೊಂದುಬಿಡುತ್ತದೆ. ಆಗ ಬಣ್ಣ ಇರುತ್ತದೆ, ರುಚಿ ಇರುವುದಿಲ್ಲ. ನೀರನ್ನು ಐದು ನಿಮಿಷ ಚೆನ್ನಾಗಿ ಮರಳಿಸಿ, ಆರಲು ಬಿಟ್ಟು, ತಳದ ಬಿಳಿ ಗಸಿ ಕದಡದಂತೆ ಮೇಲಿನ ನೀರನ್ನು ಬಸಿದುಕೊಳ್ಳಿ. ಕಾಫಿಗೆ ಅದನ್ನೇ ಮತ್ತೆ ಕಾಯಿಸಿ. ಆರ್‌ಒ ನೀರನ್ನು ಬರೀ ಅದೊಂದನ್ನೇ ಹಾಕಿದರೆ ಕಾಫಿ ತೆಳ್ಳಗೆ ಹುಳಿಹುಳಿಯಾಗುತ್ತದೆ, ಮರಳಿಸಿ ಬಸಿದ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೆ ಹದ ಬರುತ್ತದೆ. ಇಲ್ಲೊಂದು ಮಾತು ಹೇಳಲೇಬೇಕು. ಕೋಲಾರ, ಚಿಕ್ಕಬಳ್ಳಾಪುರದ ಅಂತರ್ಜಲದಲ್ಲಿ ಹಲವು ಕಡೆ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಥ ಊರಾದರೆ ಕುಡಿಯುವುದಕ್ಕಿರಲಿ, ಕಾಫಿಗಿರಲಿ, ಶುದ್ಧೀಕರಣ ಘಟಕದ ನೀರನ್ನೇ ಬಳಸಿ.

ಇನ್ನು ಹಾಕುವ ಕ್ರಮ. ನಾಲ್ಕು ಲೋಟಕ್ಕೆ 40 ಗ್ರಾಂ ಪುಡಿ, ಅಂದರೆ ಊಟದ ಚಮಚದಲ್ಲಿ ಸುಮಾರು ಐದು ಗೋಪುರ. ಪುಡಿ ಹಾಕಿ ಪಾತ್ರೆಯನ್ನು ಅಂಗೈಗೆ ಎರಡು ಸಲ ತಟ್ಟಿ, ಮಟ್ಟವಾದರೆ ಸಾಕು. ಕೊಡೆಯಂಥ ಒತ್ತುಬಿಲ್ಲೆಯನ್ನು ಮೇಲೆ ಇಡಿ, ಅದುಮಬೇಡಿ. ನೀರು ಮರಳಿದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಎರಡು ಮೂರು ಚಮಚ ನೀರನ್ನು ಸುತ್ತಲೂ ಹಾಕಿ ಒಂದು ನಿಮಿಷ ಕಾಯಿರಿ, ಪುಡಿ ಉಬ್ಬಿ ನೆನೆಯುತ್ತದೆ. ಆಮೇಲೆ ಉಳಿದದ್ದು, ಒಟ್ಟು 220 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಸಿಗುವುದು 130–140 ಮಿಲಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಅಷ್ಟೂ ಇಳಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ದಪ್ಪವಾಗಿದೆ. ಗಂಟೆಯಾದರೂ ನಿಂತಿದ್ದರೆ ಪುಡಿ ತೀರಾ ನುಣುಪು, ಇಲ್ಲವೇ ಚಿಕೋರಿ ಜಾಸ್ತಿ. ಚಿಕೋರಿ ನೀರಲ್ಲಿ ಕರಗಿ ಅಂಟಾಗುತ್ತದೆ, ದಾರಿ ಕಟ್ಟುತ್ತದೆ. ಮಿಶ್ರಣದಲ್ಲಿ ಕಾಫಿ ನೂರಕ್ಕೆ ಕನಿಷ್ಠ 51 ಭಾಗ ಇರಲೇಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆದಿರಲೇಬೇಕು ಎಂಬುದು ಕಾನೂನು. ಮನೆಗೆ 80–20 ಒಳ್ಳೆಯ ಹದ. 60–40 ಕೊಂಡರೆ ಕಪ್ಪು ಬಣ್ಣಕ್ಕೆ ದುಡ್ಡು ಕೊಟ್ಟಂತೆ.

ಎಲ್ಲ ಸರಿಯಿದ್ದೂ ನಿಂತುಬಿಟ್ಟರೆ ಮೇಲಿನ ಪಾತ್ರೆಯನ್ನು ಒಂದು ಎಳೆಯಷ್ಟು ಎತ್ತಿ ಇಳಿಸಿ. ಎರಡು ಪಾತ್ರೆಗಳೂ ಬಿಗಿಯಾಗಿ ಕೂತಾಗ ಕೆಳಗಿನ ಗಾಳಿಗೆ ಹೊರಹೋಗಲು ಜಾಗ ಇರುವುದಿಲ್ಲ, ಅದು ಡಿಕಾಕ್ಷನ್ನನ್ನು ತಡೆಯುತ್ತದೆ. ‘ಟಪ್’ ಎಂದು ಮೊದಲ ಹನಿ ಬಿದ್ದರೆ ಮಿಕ್ಕಿದ್ದು ತಾನೇ ಬರುತ್ತದೆ.

ಪ್ರಶ್ನೆ: ಮಾವನವರಿಗೆ ಬೆಲ್ಲದ ಕಾಫಿಯೇ ಆಗಬೇಕು. ಮೂರು ದಿನಕ್ಕೊಮ್ಮೆ ಹಾಲು ಒಡೆಯುತ್ತದೆ. (ಮಧುಗಿರಿ)

ಉತ್ತರ: ಬೆಲ್ಲದಲ್ಲಿ ಸ್ವಲ್ಪ ಹುಳಿಯೂ ಖನಿಜವೂ ಇರುತ್ತವೆ. ಕುದಿಯುವ ಹಾಲಿಗೆ ಅದು ಬಿದ್ದರೆ ಹಾಲು ಒಡೆಯುತ್ತದೆ, ನಿನ್ನೆಯ ಹಾಲಾದರೆ ಇನ್ನೂ ಬೇಗ. ಬೆಲ್ಲವನ್ನು ಬಿಸಿ ಡಿಕಾಕ್ಷನ್ನಿನಲ್ಲೇ ಕರಗಿಸಿ ಸೋಸಿಬಿಡಿ. ಹಾಲು ಕಾಯಿಸಿ ಒಲೆ ಆರಿಸಿ, ಒಂದೆರಡು ನಿಮಿಷ ಬಿಟ್ಟು, ಲೋಟದಲ್ಲಿ ಬೆರೆಸಿ. ಬೆರೆಸಿದ ಮೇಲೆ ಮತ್ತೆ ಒಲೆಗೆ ಇಡಬಾರದು. ಹುಳಿವಾಸನೆಯ ಹಳೆ ಬೆಲ್ಲ ಕಾಫಿಗೆ ಬೇಡ, ಸಾರಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಂತೆ ಮಾಡಲು ಹೋದರೆ ಅಂಚು ಬೆಂದು ನಡುವೆ ಹಸಿ ಉಳಿಯುತ್ತದೆ. (ಗುಬ್ಬಿ)

ಉತ್ತರ: ತಟ್ಟೆ ತುಂಬ ಹಿಟ್ಟು ಸುರಿಯುತ್ತಿದ್ದೀರಿ. ಅರ್ಧಕ್ಕಿಂತ ಸ್ವಲ್ಪ ಮೇಲೆ ಸಾಕು, ಉಬ್ಬಲು ಜಾಗ ಬೇಕು. ನೀರು ಮರಳಿ ಹಬೆ ಜೋರಾಗಿ ಬಂದ ಮೇಲೆಯೇ ತಟ್ಟೆ ಇಡಿ, 12ರಿಂದ 15 ನಿಮಿಷ. ತಟ್ಟೆಗಳ ನಡುವೆ ಹಬೆ ಓಡಾಡುವಷ್ಟು ಸಂದಿರಲಿ. ಮೂರು ಅಳತೆ ಇಡ್ಲಿ ಅಕ್ಕಿಗೆ ಒಂದು ಉದ್ದು, ಕಾಲು ಸಬ್ಬಕ್ಕಿ, ಕಾಲು ಅವಲಕ್ಕಿ. ಅಕ್ಕಿ ಸಣ್ಣ ರವೆಯಷ್ಟು ತರಿಯಾಗಿರಲಿ. ಈ ಚಳಿಗೆ ಹಿಟ್ಟು ಹುದುಗಲು 12–14 ಗಂಟೆ ಬೇಕು, ಎಂಟು ಗಂಟೆಗೇ ಬೇಯಿಸಿದರೆ ಯಾವ ತಟ್ಟೆಯಲ್ಲೂ ಮೆತ್ತಗಾಗದು.

ಪ್ರಶ್ನೆ: ಹಿತಕಿದ ಅವರೆಬೇಳೆ ಕರಿದರೆ ಎಣ್ಣೆ ಸಿಡಿಯುತ್ತದೆ, ಮಾರನೇ ದಿನಕ್ಕೆ ಮಿಕ್ಸ್ಚರ್ ಮೆತ್ತಗಾಗುತ್ತದೆ. ಅಂಗಡಿಯದು ಹದಿನೈದು ದಿನ ಗರಿಗರಿ ಇರುತ್ತದಲ್ಲ? (ಚಿಂತಾಮಣಿ)

ಉತ್ತರ: ಎರಡಕ್ಕೂ ಕಾರಣ ಒಳಗೆ ಉಳಿದ ತೇವ. ಆದರೆ ಕಾಳು ಆರಿಸುವಲ್ಲಿಂದಲೇ ಎಚ್ಚರ ಬೇಕು. ತೀರಾ ಎಳೆಯ ಕಾಳು ಕರಿದರೆ ಒಳಗೆ ಪೊಳ್ಳಾಗಿ ಎಣ್ಣೆ ಕುಡಿಯುತ್ತದೆ. ಹಳದಿ ತಿರುಗಿದ ಬಲಿತ ಕಾಳು ಹಲ್ಲಿಗೆ ಕಲ್ಲಿನಂತಾಗುತ್ತದೆ. ಹಸಿರಾಗಿಯೇ ಇದ್ದು ತುಂಬಿಕೊಂಡ ಕಾಳು ಬೇಕು. ರಾತ್ರಿ ನೀರಲ್ಲಿ ಹಾಕಿ, ಬೆಳಿಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಿಚಕ್ಕನೆ ಹಾರುತ್ತದೆ. ಹಾಗೆ ಹಾರದಿದ್ದರೆ ಇನ್ನೊಂದು ಗಂಟೆ ನೆನೆಯಲಿ. ಮನೆಮಂದಿ ಸುತ್ತ ಕೂತು ಮಾತಾಡುತ್ತಾ ಹಿತುಕಿದರೆ ಎರಡು ಸೇರು ಬೇಗ ಮುಗಿಯುತ್ತದೆ. ಸಿಪ್ಪೆ ಹಸುವಿಗೆ.

ಬೇಳೆಯನ್ನು ಹತ್ತಿಬಟ್ಟೆಯ ಮೇಲೆ ತೆಳುವಾಗಿ ಹರಡಿ, ನೆರಳಲ್ಲಿ ಫ್ಯಾನಿನ ಕೆಳಗೆ ಒಂದೂವರೆ ಗಂಟೆ ಬಿಡಿ. ನಡುವೆ ಒಮ್ಮೆ ಕೈಯಾಡಿಸಿ. ಉರಿಬಿಸಿಲು ಬೇಡ, ಮೇಲ್ಮೈ ಒಣಗಿ ಬಿಗಿಯುತ್ತದೆ, ಒಳಗಿನ ನೀರು ಅಲ್ಲೇ ಉಳಿಯುತ್ತದೆ, ಬಾಣಲೆಯಲ್ಲಿ ಅದೇ ಸಿಡಿಯುವುದು. ಮುಟ್ಟಿದರೆ ಬೆರಳಿಗೆ ಒದ್ದೆ ಹತ್ತಬಾರದು, ಬೇಳೆ ಮಾತ್ರ ಇನ್ನೂ ಮೃದುವಾಗಿರಬೇಕು.

ಎಣ್ಣೆ ಮಧ್ಯಮ ಕಾವಿಗೆ ಬಂದಾಗ ಒಂದೊಂದೇ ಹಿಡಿ ಹಾಕಿ. ಮೊದಲು ನೊರೆ ಉಕ್ಕುತ್ತದೆ, ಆಮೇಲೆ ಗುಳ್ಳೆ ಕಡಿಮೆಯಾಗಿ ಬೇಳೆ ಮೇಲೆ ತೇಲುತ್ತದೆ, ‘ಚರ್’ ಶಬ್ದ ತಗ್ಗುತ್ತದೆ. ಶಬ್ದ ನಿಲ್ಲುವ ಹೊತ್ತಿಗೆ ತೆಗೆಯಬೇಕು. ಬಣ್ಣ ನೋಡಿ ತೆಗೆಯುವವರೇ ಹೆಚ್ಚು, ಆದರೆ ಇಲ್ಲಿ ಕಿವಿಯನ್ನು ನಂಬುವುದೇ ಒಳ್ಳೆಯದು. ಎರಡು ಹಿಡಿ ಒಟ್ಟಿಗೆ ಹಾಕಿದರೆ ಎಣ್ಣೆಯ ಕಾವು ಇಳಿದು ಬೇಳೆ ಎಣ್ಣೆ ಹೀರುತ್ತದೆ. ಅದೇ ಎಣ್ಣೆಯಲ್ಲಿ ಕಡಲೆಕಾಯಿ ಬೀಜ, ಕೊಬ್ಬರಿ ಚೂರು, ಹುರಿಗಡಲೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಬೇರೆ ಬೇರೆಯಾಗಿ ಕರಿಯಿರಿ. ಕರಿಬೇವು, ಬೆಳ್ಳುಳ್ಳಿಯಲ್ಲೂ ನೀರಿನಂಶ ಉಳಿಯಬಾರದು, ಅವು ಮುರಿಯುವಷ್ಟು ಗರಿಯಾಗಬೇಕು. ಉಪ್ಪು, ಖಾರದಪುಡಿ, ಅರಿಶಿನ, ಇಂಗನ್ನು ಬೇಳೆ ಬೆಚ್ಚಗಿರುವಾಗಲೇ ಬೆರೆಸಿ, ತಣ್ಣಗಾದ ಮೇಲೆ ಹತ್ತುವುದಿಲ್ಲ. ಡಬ್ಬಿಗೆ ತುಂಬುವುದು ಮಾತ್ರ ಪೂರ್ತಿ ಆರಿದ ಮೇಲೆ. ಬಿಸಿಯಲ್ಲಿ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿ ಆ ಹನಿ ಬೇಳೆಯ ಮೇಲೇ ಬೀಳುತ್ತದೆ. ನಿಮ್ಮ ಮಿಕ್ಸ್ಚರ್ ಮಾರನೇ ದಿನಕ್ಕೆ ಮೆತ್ತಗಾಗಲು ಬಹುಶಃ ಇದೇ ಕಾರಣ.

ಪ್ರಶ್ನೆ: ಎಳ್ಳುಬೆಲ್ಲ ಬೆರೆಸಿಟ್ಟ ಎರಡೇ ದಿನಕ್ಕೆ ಬೆಲ್ಲ ಬೆವರಿ ಎಲ್ಲ ಅಂಟಿಕೊಳ್ಳುತ್ತದೆ. ಸಕ್ಕರೆ ಅಚ್ಚು ಒಮ್ಮೆ ಮುರಿಯುತ್ತದೆ, ಒಮ್ಮೆ ಗಟ್ಟಿಯಾಗುವುದೇ ಇಲ್ಲ. ಅತ್ತೆಯವರ ಮರದ ಅಚ್ಚುಗಳಿವೆ, ಕೈಬಿಡಲು ಮನಸ್ಸಿಲ್ಲ. (ತುಮಕೂರು)

ಉತ್ತರ: ದಯವಿಟ್ಟು ಬಿಡಬೇಡಿ. ಮರದ ಅಚ್ಚಿನಲ್ಲಿ ಬರುವ ಗೆರೆ ಪ್ಲಾಸ್ಟಿಕ್ಕಿನಲ್ಲಿ ಬರುವುದಿಲ್ಲ.

ಮೊದಲು ಎಳ್ಳು. ಪಾವಿನ ಲೆಕ್ಕದಲ್ಲಿ ಕೊಬ್ಬರಿ ಎರಡು, ಬೆಲ್ಲ ಎರಡು, ಕಡಲೆಕಾಯಿ ಬೀಜ ಒಂದು, ಹುರಿಗಡಲೆ ಒಂದು, ಬಿಳಿ ಎಳ್ಳು ಅರ್ಧ. ನಿಮ್ಮದೇ ಜಿಲ್ಲೆಯ ತಿಪಟೂರಿನ ಉಂಡೆ ಕೊಬ್ಬರಿ ಇರುವಾಗ ಬೇರೆಯದು ಯಾಕೆ? ಅಟ್ಟದ ಮೇಲೆ ಹತ್ತಾರು ತಿಂಗಳು ಕಾಯಿಯೊಳಗೇ ಒಣಗಿದ ಕೊಬ್ಬರಿ ಅದು, ಹೆಚ್ಚಿದಾಗ ಒಡೆಯದೆ ತೆಳುವಾಗಿ ಬರುತ್ತದೆ. ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ ಎರಡು ದಿನ ಬಿಸಿಲಿಗಿಡಿ. ಅಚ್ಚುಬೆಲ್ಲ ಗಟ್ಟಿಯದಾಗಿರಲಿ. ಅಡಕತ್ತರಿಯಲ್ಲಿ ಕಡಲೆ ಗಾತ್ರಕ್ಕೆ ಕತ್ತರಿಸಿ, ತೆಳುಬಟ್ಟೆ ಮುಚ್ಚಿ ಎಳೆಬಿಸಿಲಿಗೆ ಇಡಿ. ಬೆಲ್ಲ ಬೆವರುವುದು ಸಾಮಾನ್ಯವಾಗಿ ಒಂದೇ ತಪ್ಪಿನಿಂದ: ಹುರಿದ ಕಡಲೆಕಾಯಿ, ಎಳ್ಳನ್ನು ಬೆಚ್ಚಗಿರುವಾಗಲೇ ಬೆರೆಸುವುದು. ಪ್ರತಿಯೊಂದನ್ನೂ ಬೇರೆ ಡಬ್ಬಿಯಲ್ಲಿಟ್ಟು ಹಬ್ಬದ ಹಿಂದಿನ ದಿನವಷ್ಟೇ ಬೆರೆಸಿ. ಎಳ್ಳು ತಳಕ್ಕೆ ಇಳಿಯುತ್ತದೆ, ಪೊಟ್ಟಣ ಕಟ್ಟುವಾಗ ಪ್ರತಿ ಸಲ ಅಡಿಯಿಂದ ಕೈಯಾಡಿಸಿ. ಇಲ್ಲದಿದ್ದರೆ ಕೊನೆಯ ಮನೆಯವರಿಗೆ ಬರೀ ಎಳ್ಳು.

ಅಚ್ಚಿಗೆ ಒಂದು ಕಿಲೋ ಸಕ್ಕರೆ ಮುಳುಗುವಷ್ಟೇ ನೀರು. ಕುದಿ ಬಂದಾಗ ಕಾಲು ಲೋಟ ಹಾಲು ಹಾಕಿದರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ, ತೆಗೆದು ತೆಳುಬಟ್ಟೆಯಲ್ಲಿ ಸೋಸಿ. ಮರದ ಅಚ್ಚನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಿ, ಒರೆಸಿ, ರಬ್ಬರ್‌ಬ್ಯಾಂಡ್ ಬಿಗಿದು ಸಿದ್ಧವಾಗಿಟ್ಟುಕೊಳ್ಳಿ. ಒಣ ಮರಕ್ಕೆ ಸಕ್ಕರೆ ಅಂಟಿ ಆನೆಯ ಸೊಂಡಿಲು ಅಚ್ಚಿನಲ್ಲೇ ಉಳಿದುಬಿಡುತ್ತದೆ. ಪಾಕವನ್ನು ಒಟ್ಟಿಗೆ ಕಾಯಿಸಬೇಡಿ. ಒಂದು ಸೌಟಿನಷ್ಟನ್ನು ಸಣ್ಣ ಪಾತ್ರೆಗೆ ಹಾಕಿ, ಎರಡು ಹನಿ ನಿಂಬೆರಸ ಬಿಟ್ಟು, ತಿರುವುತ್ತಾ ಕಾಯಿಸಿ. ಅಂಚಿನಲ್ಲಿ ಬೆಳ್ಳಗಾಗತೊಡಗಿದ ಕೂಡಲೇ ಇಳಿಸಿ ಎರಡು ಸುತ್ತು ತಿರುವಿ ಅಚ್ಚಿಗೆ ಹೊಯ್ಯಿರಿ. ತಿರುವುವುದು ಹೆಚ್ಚಾದರೆ ಹರಳು ದಪ್ಪವಾಗಿ ಅಚ್ಚು ಮರಳಿನಂತೆ ಉದುರುತ್ತದೆ, ನಿಮ್ಮದು ಮುರಿಯುವುದು ಹೀಗೇ. ನಿಂಬೆ ಹೆಚ್ಚಾದರೆ ಸಕ್ಕರೆ ಹರಳು ಕಟ್ಟುವುದೇ ಇಲ್ಲ, ಗಟ್ಟಿಯಾಗದಿರಲು ಅದು, ಇಲ್ಲವೇ ಪಾಕ ಎಳಸಾದದ್ದು. ಹಳದಿಯಾದರೆ ಉರಿ ಜೋರಾಯಿತು. ಹತ್ತು ನಿಮಿಷಕ್ಕೆ ರಬ್ಬರ್ ಬಿಚ್ಚಿ, ಎಳೆಯದೆ ಅಚ್ಚಿನ ಬೆನ್ನಿಗೆ ಮೆಲ್ಲಗೆ ತಟ್ಟಿ. ಮುರಿದವನ್ನು ಮತ್ತೆ ನೀರು ಹಾಕಿ ಕರಗಿಸಿದರಾಯಿತು, ಏನೂ ನಷ್ಟವಿಲ್ಲ.

ಪ್ರಶ್ನೆ: ರಜೆಗೆ ಬಂದ ಮೊಮ್ಮಕ್ಕಳಿಗೆ ಚೌಕಾಬಾರ ಕಲಿಸುತ್ತಿದ್ದೇನೆ. ಒಂದು ಕಾಯಿಯನ್ನೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೇ ಎಂಬುದೇ ದಿನಾ ಜಗಳ. ಕವಡೆ ಇಲ್ಲ, ಹುಣಸೆ ಬೀಜದಲ್ಲಿ ಆಡುತ್ತೇವೆ. ಯಾಕೋ ಎಂಟು ಬಹಳ ಬೀಳುತ್ತದೆ. (ಗೌರಿಬಿದನೂರು)

ಉತ್ತರ: ಎರಡೂ ಪದ್ಧತಿ ಇವೆ. ಹೊಡೆದೇ ಒಳಗೆ ಹೋಗಬೇಕು ಎಂಬುದು ಬಿಗಿಯಾದ ಆಟ. ಮಕ್ಕಳು ಅಂಜಿಕೊಂಡು ಅಡ್ಡಗೀಟಿನ ಮನೆಯಲ್ಲೇ (ಅಲ್ಲಿ ಹೊಡೆಯುವಂತಿಲ್ಲ) ಕೂರದೆ ಎದುರಾಡುವುದನ್ನು ಕಲಿಯಲು ಇದೇ ಮೇಲು. ಇಬ್ಬರೇ ಆಡುವಾಗ ಮಾತ್ರ ಸಡಿಲ ಬಿಡಿ, ಹೊಡೆಯುವ ಸಂದರ್ಭವೇ ಕಡಿಮೆ. ಯಾವುದಾದರೂ ಸರಿ, ಮನೆ ಬರೆಯುವಾಗಲೇ ತೀರ್ಮಾನವಾಗಲಿ, ನಡು ಆಟದಲ್ಲಿ ಬೇಡ.

ಐದೈದರ ಮನೆಯಲ್ಲಿ ಹೊರಸುತ್ತು 16, ಒಳಸುತ್ತು 8, ನಡುವೆ 1. ಹೊರಗೆ ಎಡಸುತ್ತು, ಒಳಗೆ ಬಲಸುತ್ತು. ಒಂದು ಕಾಯಿ ನಡುಮನೆ ತಲುಪಿ ಹಣ್ಣಾಗಲು 24 ಹೆಜ್ಜೆ. ನಾಲ್ಕೂ ಬೀಜದ ತೇಯ್ದ ಬಿಳಿ ಬದಿ ಮೇಲೆ ಬಿದ್ದರೆ ಚೌಕ ನಾಲ್ಕು, ನಾಲ್ಕೂ ಕಪ್ಪಾದರೆ ಬಾರ ಎಂಟು, ಎರಡಕ್ಕೂ ಮತ್ತೊಂದು ಎಸೆತ.

ಎಂಟು ಹೆಚ್ಚು ಬೀಳುತ್ತಿದ್ದರೆ ಬೀಜದಲ್ಲಿ ದೋಷ. ಒಂದೇ ಗಾತ್ರದ ದಪ್ಪ ಬೀಜ ನಾಲ್ಕು ಆರಿಸಿ, ಒಂದು ಬದಿಯನ್ನು ಒರಟು ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯಿರಿ. ಕಂದು ಸಿಪ್ಪೆ ಹೋಗಿ ಬಿಳಿ ಪೂರ್ತಿ ಕಂಡ ಕೂಡಲೇ ನಿಲ್ಲಿಸಿ. ಅತಿಯಾಗಿ ತೇಯ್ದರೆ ಆ ಬದಿ ಚಪ್ಪಟೆಯಾಗಿ ನೆಲಕ್ಕೆ ಕೂತುಬಿಡುತ್ತದೆ, ಕಪ್ಪು ಮೇಲಾಗುತ್ತದೆ, ಎಂಟು ಬೀಳುತ್ತದೆ. ನಾಲ್ಕೂ ಸಮನಾಗಿದ್ದರೆ 16 ಎಸೆತಕ್ಕೆ ಸರಾಸರಿ ‘ಎರಡು’ ಆರು ಸಲ, ‘ಒಂದು’ ನಾಲ್ಕು ಸಲ, ‘ಮೂರು’ ನಾಲ್ಕು ಸಲ, ‘ನಾಲ್ಕು’ ಮತ್ತು ‘ಎಂಟು’ ಒಂದೊಂದೇ ಸಲ ಬೀಳಬೇಕು. ಮಕ್ಕಳ ಕೈಯಲ್ಲಿ ನೂರು ಸಲ ಎಸೆಸಿ ಗೀಟು ಹಾಕಿಸಿ. ‘ಎಂಟು’ ಹತ್ತು ಸಲಕ್ಕಿಂತ ಹೆಚ್ಚು ಬಿದ್ದರೆ ಬೀಜ ಬದಲಾಯಿಸಿ.

ಈ ಲೆಕ್ಕ ಆಟಕ್ಕೂ ಬರುತ್ತದೆ. ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ಕೂರುವುದು ಎಲ್ಲಕ್ಕಿಂತ ಅಪಾಯ, ನಾಲ್ಕು ಮನೆ ಮುಂದಿದ್ದರೆ ಹೊಡೆತ ಬೀಳುವುದು ಅಪರೂಪ. ಅಡ್ಡಗೀಟಿನ ಮನೆ ಸಿಗದಾಗ ಮೊಮ್ಮಕ್ಕಳಿಗೆ ನಾಲ್ಕರ ದೂರ ಎಣಿಸಿ ಕೂರಲು ಹೇಳಿಕೊಡಿ. ಎರಡು ದಿನದಲ್ಲಿ ಅವರೇ ನಿಮ್ಮ ಕಾಯಿ ಹೊಡೆಯುತ್ತಾರೆ.