ಅವರಿಗೆ ಹಡಗಿನ ಹುಚ್ಚು, ನನಗೆ ನೀರಿನ ಭಯ

ಪ್ರಶ್ನೆ: ಸರ್, ನಾವು ಕಲಬುರಗಿಯವರು. ಮದುವೆಯಾಗಿ 27 ವರ್ಷ. ನಮ್ಮ ಮನೆಯವರು ಈ ವರ್ಷ ರಿಟೈರ್ ಆದರು. ಡಿಸೆಂಬರ್‌ನಲ್ಲಿ ಮುಂಬೈನಿಂದ ಗೋವಾಕ್ಕೆ ಹೋಗಿ ಬರುವ ಕ್ರೂಸ್ ಬುಕ್ ಮಾಡಿದ್ದಾರೆ. ಮೂರು ರಾತ್ರಿ, ಕಿಟಕಿ ಇಲ್ಲದ ರೂಮಂತೆ. ದಿನಾ ರಾತ್ರಿ ಹಡಗಿನ ವಿಡಿಯೋ ನೋಡುತ್ತ ಕೂರುತ್ತಾರೆ. ನನಗೋ ಸೋಲಾಪುರ ಬಸ್ಸಿನಲ್ಲೇ ವಾಂತಿ ಬರುತ್ತದೆ. ಒಮ್ಮೆ ಭೀಮಾ ತುಂಬಿದಾಗ ಗಾಣಗಾಪುರದ ಸಂಗಮದಲ್ಲಿ ನಿಂತು ನೋಡಿದ್ದೆ, ಆ ಹೆದರಿಕೆ ಇನ್ನೂ ಹೋಗಿಲ್ಲ. ಈಜು ಬರುವುದಿಲ್ಲ. 'ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ' ಎಂದು ನಾದಿನಿ ಬೇರೆ ಅಂದಳು. ಅವರ ಖುಷಿ ಕೆಡಿಸಬಾರದೆಂದು ಸುಮ್ನೆ ಇದ್ದೇನೆ. ಏನು ಮಾಡಲಿ?

ಉತ್ತರ: ಅಕ್ಕಾ, ಮೊದಲು ಅವರಿಗೆ ಹೇಳಿಬಿಡಿ. ಇವತ್ತೇ, ಊಟ ಆದ ಮೇಲೆ.

ಯಾಕೆ ಅಂದರೆ, ನಿಮ್ಮವರ ಪ್ರವಾಸ ಆಗಲೇ ಶುರುವಾಗಿದೆ. 2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ 1,530 ಜನರನ್ನು ಕೇಳಿ ನೋಡಿದ್ದರು. ಪ್ರವಾಸಕ್ಕೆ ಹೋಗುವವರು ಹೊರಡುವ ಮೊದಲೇ ಉಳಿದವರಿಗಿಂತ ಜಾಸ್ತಿ ಖುಷಿಯಲ್ಲಿದ್ದರು. ತಿರುಗಿ ಬಂದ ಮೇಲೆ ಬಹಳಷ್ಟು ಜನರಲ್ಲಿ ಆ ವ್ಯತ್ಯಾಸವೇ ಇರಲಿಲ್ಲ! ಅಂದರೆ ಕಾಯುವ ಈ ದಿನಗಳೇ ಪ್ರವಾಸದ ದೊಡ್ಡ ಪಾಲು. ಅದನ್ನು ಈಗ ಅವರೊಬ್ಬರೇ ಅನುಭವಿಸುತ್ತಿದ್ದಾರೆ. ನೀವು ಪಕ್ಕದ ಕೋಣೆಯಲ್ಲಿ ಕೂತು ಹೆದರುತ್ತಿದ್ದೀರಿ. 27 ವರ್ಷ ಜೊತೆಗಿದ್ದವರಿಗೆ ನಿಮ್ಮ ನಗುವಿನ ಹಿಂದೆ ಏನೋ ಇದೆ ಅಂತ ಗೊತ್ತಾಗದೆ ಇರುತ್ತದಾ? ಹೇಳಿದರೆ ಅವರ ಖುಷಿ ಕೆಡುವುದಿಲ್ಲ, ಅವರಿಗೊಂದು ಕೆಲಸ ಸಿಗುತ್ತದೆ. ರಿಟೈರ್ ಆದವರಿಗೆ ಅದೂ ಬೇಕು.

ಆ ಮೊದಲ ಕೆಲಸ ರೂಮು ಬದಲಾಯಿಸುವುದು. ಬಸ್ಸಿನಲ್ಲಿ ವಾಂತಿ ಬರುವುದು ಯಾಕೆ? ಒಳಕಿವಿ 'ಅಲ್ಲಾಡುತ್ತಿದ್ದೇವೆ' ಅನ್ನುತ್ತದೆ. ಕಣ್ಣು ಮುಂದಿನ ಸೀಟನ್ನೇ ನೋಡುತ್ತ 'ಇಲ್ಲ, ನಿಂತಿದ್ದೇವೆ' ಅನ್ನುತ್ತದೆ. ಈ ಜಗಳದಲ್ಲಿ ತಲೆ ತಿರುಗುತ್ತದೆ. ಕಿಟಕಿ ಇಲ್ಲದ ರೂಮಿನಲ್ಲೂ ಅದೇ ಕಥೆ. ಬಸ್ಸಿನ ಹಿಂದಿನ ಸೀಟು ಎಷ್ಟು ಎತ್ತಿ ಹಾಕುತ್ತದೆ, ನಡುವಿನ ಸೀಟು ಎಷ್ಟು ಕಡಿಮೆ, ನಿಮಗೇ ಗೊತ್ತು. ಹಡಗೂ ಹಾಗೆಯೇ. ಕೆಳಗಿನ ಮಹಡಿ, ಹಡಗಿನ ನಡುಭಾಗ, ಕಿಟಕಿ ಇರುವ ರೂಮು ಸಿಗುತ್ತದಾ ಎಂದು ಕೇಳಲಿ. ಸ್ವಲ್ಪ ದುಡ್ಡು ಹೆಚ್ಚು ಹೋಗುತ್ತದೆ, ಹೋಗಲಿ. ಬಾಲ್ಕನಿಯ ಆಸೆಗೆ ತುದಿಯ ರೂಮು ಮಾತ್ರ ಬೇಡ.

ತಲೆ ಭಾರ ಅನ್ನಿಸಿದರೆ ಡೆಕ್ಕಿಗೆ ಬಂದು ದೂರದ ದಿಗಂತ ನೋಡುತ್ತ ನಿಲ್ಲಿ. ಶುಂಠಿ ಬಾಯಲ್ಲಿರಲಿ. ಹೊಟ್ಟೆ ಖಾಲಿ ಬಿಡಬೇಡಿ, ಬಿರಿಯುವಷ್ಟು ತಿನ್ನಲೂ ಬೇಡಿ. ವಾಂತಿಯ ಮಾತ್ರೆ ಹಡಗು ಹೊರಡುವ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ, ಶುರುವಾದ ಮೇಲೆ ಪ್ರಯೋಜನ ಕಡಿಮೆ. ನಿದ್ದೆ ತರಿಸುವ ಮಾತ್ರೆ ಅದು. ಬಿಪಿ, ಶುಗರ್ ಇದ್ದರೆ ನಿಮ್ಮ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಇನ್ನು ನೀರಿನ ಭಯ. ಭೀಮಾ ತುಂಬಿ ಬಂದಾಗ ನೀವು ನೋಡಿದ್ದು ಕೆಂಪು ನೀರಿನ ಸೆಳವು. ಡಿಸೆಂಬರ್‌ನಲ್ಲಿ ಅರಬ್ಬಿ ಸಮುದ್ರ ಹಾಗಿರುವುದಿಲ್ಲ, ಮಳೆಗಾಲ ಮುಗಿದು ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಈಜು ಬಾರದಿದ್ದರೆ ಅಡ್ಡಿಯಿಲ್ಲ. ಹಡಗು ಹೊರಡುವ ಮೊದಲು ಎಲ್ಲರಿಗೂ ಒಂದು ಡ್ರಿಲ್ ಇರುತ್ತದೆ: ಲೈಫ್ ಜಾಕೆಟ್ ಹೇಗೆ ಹಾಕಬೇಕು, ಗಂಟೆ ಬಾರಿಸಿದರೆ ಎಲ್ಲಿ ಸೇರಬೇಕು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದಾಗ, ಅದೇ ದಿನ ಹತ್ತಿದ್ದವರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಆಮೇಲೆ ನಿಯಮ ಬಿಗಿಯಾಯಿತು. ಹೆದರಿಸಲು ಹೇಳುತ್ತಿಲ್ಲ. ಡ್ರಿಲ್ ಹೊತ್ತಿಗೆ ನಿಮ್ಮವರು ಸೆಲ್ಫಿಗೆ ಓಡದಂತೆ ಕೈ ಹಿಡಿದುಕೊಂಡು ನಿಲ್ಲಿಸಿಕೊಳ್ಳಿ ಅಂತ.

ನಾದಿನಿಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಫೋಟೋ ಕಳಿಸಿ, ಸಾಕು.

ಗಂಡ ಹೆಂಡತಿ ಜಾಸ್ತಿ ಎಡವುವುದು ಬೇರೆ ಕಡೆ. ಹಡಗಿನ ರೂಮು ಚಿಕ್ಕದು. ಮನೆಯಲ್ಲಾದರೆ ಒಬ್ಬರು ಅಡುಗೆಮನೆ, ಒಬ್ಬರು ಕಟ್ಟೆ. ಇಲ್ಲಿ ಮೂರು ದಿನ ಅಂಟಿಕೊಂಡೇ ಇರಬೇಕು ಅಂದುಕೊಂಡರೆ ಎರಡನೇ ದಿನಕ್ಕೇ ಸಣ್ಣ ಕಿರಿಕಿರಿ ಶುರು. ಬೆಳಿಗ್ಗೆ ಅವರು ಡೆಕ್ಕಿನಲ್ಲಿ ವಾಕಿಂಗ್ ಹೋಗಲಿ, ನೀವು ಚಹಾ ಹಿಡಿದು ಒಬ್ಬರೇ ಸಮುದ್ರ ನೋಡುತ್ತ ಕೂರಿ. ಸಂಜೆ ಮಾತಾಡಲು ಇಬ್ಬರ ಹತ್ತಿರವೂ ಏನಾದರೂ ಇರುತ್ತದೆ.

ದಡ ದೂರವಾದಂತೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಮಕ್ಕಳಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಅವರು ಗಾಬರಿಯಾಗುತ್ತಾರೆ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿಡಿ. ಹಡಗಿನ ನೆಟ್‌ವರ್ಕ್ ಹಿಡಿದುಕೊಂಡರೆ ಬಿಲ್ ನೋಡಿ ತಲೆ ತಿರುಗೀತು, ಅದಕ್ಕೆ ಶುಂಠಿ ನಾಟುವುದಿಲ್ಲ. ಊಟ ಟಿಕೆಟ್ಟಿನಲ್ಲೇ ಬರುತ್ತದೆ. ವೈಫೈ, ಗೋವಾದಲ್ಲಿ ಸುತ್ತಾಟ ಸಾಮಾನ್ಯವಾಗಿ ಬೇರೆ ಲೆಕ್ಕ.

ಹಿಂದಿನ ದಿನವೇ ಮುಂಬೈ ಸೇರಿಕೊಳ್ಳಿ. ರೈಲು ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ ಹಿಡಿದರೆ ಮುಂಬೈನ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿಯುತ್ತೀರಿ, ಕ್ರೂಸ್ ಟರ್ಮಿನಲ್ ಇರುವ ಬಲ್ಲಾರ್ಡ್ ಪಿಯರ್ ಅಲ್ಲಿಂದ ಹತ್ತಿರವೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಆದರೆ ಹೋಗುವಾಗ ರೈಲಿನಲ್ಲೇ ಮುಗಿಸಿ. ಹೊರಗಿನ ಅಡುಗೆಯನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ.